ಒರಳುಕಲ್ಲಿಗೆ ಸಿಕ್ಕಿದ ಹೊಸ ಕೆಲಸ

ನಮ್ಮ ಸೋಫಾಕ್ಕೆ ಹೊಸ ಬಟ್ಟೆ ಹಾಕಿಸಿ ಒಂದು ವರ್ಷ ದಾಟಿತು. ಮನೆಯಲ್ಲಿ ಎರಡು ಬೆಕ್ಕುಗಳಿದ್ದರೂ ಒಂದು ಎಳೆ ಎದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮೈಸೂರಿನ ನಮ್ಮ ಬಂಧುಬಳಗದಲ್ಲಿ ಇದನ್ನು ನಂಬಿದವರು ಒಬ್ಬರೂ ಇರಲಿಲ್ಲ. ಅಳತೆ ತೆಗೆದುಕೊಳ್ಳಲು ಬಂದ ಕುಶನ್ ಕೆಲಸದವರು ನಮ್ಮ ಬೆಕ್ಕಿನ ಮರಿ ಕೆಂಚನನ್ನು ನೋಡಿದ ಕೂಡಲೇ ಟೇಪನ್ನು ಮಡಿಸಿ ಜೇಬಿಗೆ ಹಾಕಿಕೊಂಡಿದ್ದರು. “ಅಮ್ಮ, ಮೊದಲು ಇವನಿಗೊಂದು ದಾರಿ ಮಾಡಿ, ಆಮೇಲೆ ನನ್ನನ್ನು ಕರೆಯಿರಿ. ಇಲ್ಲದಿದ್ದರೆ ನಿಮ್ಮ ದುಡ್ಡೂ ಹೋಗುತ್ತದೆ, ನನ್ನ ಹೆಸರೂ ಹೋಗುತ್ತದೆ” ಎಂದರು. ಅವರು ಹೇಳಿದ ಅಂದಾಜು ಸುಮಾರು 14,000 ರೂಪಾಯಿ. ನಮ್ಮ ಅತ್ತೆಯವರು ಅದಕ್ಕೂ ಮುಂದೆ ಹೋಗಿ, ಕೆಂಚನನ್ನು ದೇವರಾಜ ಮಾರುಕಟ್ಟೆಯಲ್ಲಿ ಬಿಟ್ಟು ಬಂದರೆ ಇಲಿ ಹಿಡಿದುಕೊಂಡು ಸುಖವಾಗಿರುತ್ತಾನೆ ಎಂದರು.

ಕೆಂಚನಿಗೆ ಆಗ ಮೂರು ತಿಂಗಳಿರಬಹುದು. ಸೋಫಾದ ಬಲಗೈ ಅವನ ಪಾಲಿಗೆ ಹೋಗಿತ್ತು, ಬೆತ್ತದ ಕುರ್ಚಿಯ ಒಂದು ಕಾಲು ಅರ್ಧ ಬಿಚ್ಚಿಕೊಂಡಿತ್ತು. ಉಗುರು ಕತ್ತರಿಸುವುದು ನಿಮಗೆಲ್ಲ ಗೊತ್ತಿರುವುದರಿಂದ ಅದನ್ನು ವಿವರಿಸುವುದಿಲ್ಲ. ಎರಡು ಮೂರು ವಾರಕ್ಕೊಮ್ಮೆ, ನಿದ್ದೆಗಣ್ಣಿನಲ್ಲಿದ್ದಾಗ, ತುದಿಯನ್ನಷ್ಟೇ ತೆಗೆಯುತ್ತಿದ್ದೆ. ಅದರಿಂದ ಗಾಯ ಆಳವಾಗುವುದು ತಪ್ಪುತ್ತದೆಯೇ ಹೊರತು ಪರಚುವುದು ನಿಲ್ಲುವುದಿಲ್ಲ.

ಮೊದಲ ಎರಡು ತಿಂಗಳು ನಾನು ಅಂಗಡಿಗಳನ್ನು ಉದ್ಧಾರ ಮಾಡಿದೆ. ಕಿತ್ತಳೆ ವಾಸನೆಯ ಸ್ಪ್ರೇ ಒಂದಕ್ಕೆ 500ರ ಮೇಲೆ ಕೊಟ್ಟೆ. ವಾಸನೆ ಇರುವವರೆಗೆ ಬಲಗೈ ಬಿಟ್ಟು ಎಡಗೈ ಹಿಡಿದ. ಎರಡು ಬದಿಗೂ ಅಂಟುವ ಟೇಪ್ ಕೆಲಸ ಮಾಡಿತು, ಆದರೆ ಅದಕ್ಕೆ ನಮ್ಮ ಸೀರೆಯ ಸೆರಗೂ ಅಂಟಿತು, ಮೇಲಾಗಿ ಸುರುಳಿಗೆ 250 ರೂಪಾಯಿಯಂತೆ ಸುರಿಯುತ್ತಲೇ ಇರಬೇಕಾಗಿತ್ತು. ಉಗುರಿಗೆ ಹಾಕುವ ರಬ್ಬರ್ ಟೊಪ್ಪಿಗೆಗಳನ್ನು ಕೆಂಚ ಒಂದೇ ರಾತ್ರಿಯಲ್ಲಿ ಕಚ್ಚಿ ತೆಗೆದು, ಒಂದನ್ನು ನಮ್ಮವರ ಚಪ್ಪಲಿಯಲ್ಲಿ ಬಿಟ್ಟಿದ್ದ. ನೀರು ಚಿಮುಕಿಸುವ ಬಾಟಲಿಯ ಫಲ ಇನ್ನೂ ವಿಚಿತ್ರ. ನಾನು ಎದುರಿಗಿದ್ದರೆ ಸಾಧು, ಅಡುಗೆಮನೆಗೆ ಹೋದರೆ ಸೋಫಾದ ಮೇಲೆ. ಪರಚಬಾರದು ಎಂಬುದನ್ನು ಅವನು ಕಲಿಯಲಿಲ್ಲ, ನಾನು ಇರುವಾಗ ಪರಚಬಾರದು ಎಂಬುದನ್ನು ಕಲಿತ.

ಒಬ್ಬ ನೆಂಟರು ನೀಲಗಿರಿ ಎಣ್ಣೆ ಹಚ್ಚಿ ಎಂದರು, ಇನ್ನೊಬ್ಬರು ನುಸಿಗುಳಿಗೆ ಇಡಿ ಎಂದರು. ಎರಡಕ್ಕೂ ನಾನು ಒಪ್ಪಲಿಲ್ಲ. ನೀಲಗಿರಿ ಎಣ್ಣೆ, ಕರ್ಪೂರ, ಫಿನೈಲ್, ನುಸಿಗುಳಿಗೆ ಎಲ್ಲವೂ ಬೆಕ್ಕಿಗೆ ವಿಷ. ಇಂಥವುಗಳಲ್ಲಿ ಹಲವನ್ನು ಕರಗಿಸಿ ಹೊರಹಾಕುವ ಶಕ್ತಿ ಅದರ ಯಕೃತ್ತಿಗೆ ತೀರಾ ಕಡಿಮೆ, ಕಾಲಿಗೆ ಮೆತ್ತಿದ್ದನ್ನು ನೆಕ್ಕಿ ನೆಕ್ಕಿ ಹೊಟ್ಟೆಗೆ ಸೇರಿಸುತ್ತದೆ. ಉಗುರನ್ನೇ ತೆಗೆಸಿಬಿಡಿ ಎಂದವರೂ ಇದ್ದರು. ಅದು ಉಗುರು ತೆಗೆಯುವುದಲ್ಲ, ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸುವುದು. ನ್ಯೂಯಾರ್ಕ್ ರಾಜ್ಯ 2019ರಲ್ಲಿ ಅದನ್ನು ನಿಷೇಧಿಸಿತು ಎಂದು ಹೇಳಿದ ಮೇಲೆ ಆ ಮಾತು ನಿಂತಿತು. ನಮ್ಮ ಮನೆಯಲ್ಲಿ ಅಮೆರಿಕದ ಹೆಸರಿಗೆ ಇರುವ ಬೆಲೆ ನನ್ನ ಮಾತಿಗಿಲ್ಲ.

ಪರಚುವ ಕಂಬವನ್ನು ತರಲಿಲ್ಲವೇ ಎಂದು ನೀವು ಕೇಳುತ್ತೀರಿ. ತಂದೆ. 1,200ರ ಹತ್ತಿರ ಕೊಟ್ಟು, ಮೇಲೊಂದು ಚೆಂಡು ನೇತಾಡುವಂಥದ್ದನ್ನು. ಎತ್ತರ ಒಂದೂವರೆ ಅಡಿ, ಕೆಳಗೆ ತೆಳು ಹಲಗೆ. ಕೆಂಚ ಮುಂಗಾಲೆತ್ತಿ ಎಳೆದ, ಕಂಬ ಅವನ ಮೇಲೆಯೇ ಬಿತ್ತು. ಆಮೇಲೆ ಅದರ ಹತ್ತಿರವೂ ಸುಳಿಯಲಿಲ್ಲ. ನಾದಿನಿ ಅವನ ಕಾಲು ಹಿಡಿದು ಕಂಬಕ್ಕೆ ಉಜ್ಜಿ ಕಲಿಸಲು ಹೋಗಿ ಮುಂಗೈ ಪರಚಿಸಿಕೊಂಡಳು.

ಬೆಕ್ಕು ನಿದ್ದೆಯಿಂದೆದ್ದು ಸೋಫಾ ಹಿಡಿಯುವುದನ್ನು ಒಂದು ವಾರ ಸುಮ್ಮನೆ ಕುಳಿತು ನೋಡಿ. ಬೆನ್ನು ಪೂರ್ತಿ ಚಾಚಿ, ತನ್ನ ತೂಕವನ್ನೆಲ್ಲ ಉಗುರಿಗೆ ಹಾಕಿ ಜಗ್ಗುತ್ತದೆ. ಉಗುರಿನ ಹಳೆಯ ಪೊರೆ ಕಳಚಬೇಕು, ಮೈ ಮುರಿಯಬೇಕು, ಪಾದದ ವಾಸನೆಯನ್ನು ಅಲ್ಲಿ ಬಿಡಬೇಕು. ನಮ್ಮ ಸೋಫಾ ಅಲುಗದು, ಎತ್ತರ ಸಾಕು, ನೇಯ್ಗೆ ಒರಟು. ಅಂದರೆ ಸೋಫಾಕ್ಕಿಂತ ಭಾರವಾದ, ಎತ್ತರವಾದ, ಒರಟಾದ ವಸ್ತುವೊಂದನ್ನು ಸೋಫಾ ಇರುವ ಜಾಗದಲ್ಲೇ ಇಡಬೇಕು. ಇಷ್ಟೇ ಲೆಕ್ಕ.

ಭಾರಕ್ಕೆ ಏನು ಮಾಡುವುದೆಂದು ಹುಡುಕುವಾಗ ಹಿತ್ತಿಲಲ್ಲಿ ಮಳೆನೀರು ತುಂಬಿಕೊಂಡಿದ್ದ ಒರಳುಕಲ್ಲು ಕಂಡಿತು. ಗ್ರೈಂಡರ್ ಬಂದ ಮೇಲೆ ಅದಕ್ಕೆ ಕೆಲಸವಿರಲಿಲ್ಲ, ತೂಕ ಮೂವತ್ತು ಕಿಲೋದ ಮೇಲೆಯೇ ಇರಬೇಕು. ಅತ್ತೆಯವರು ಎರಡು ದಿನ ಮಾತು ಬಿಟ್ಟರು. ಕಟ್ಟಡದ ಕೆಲಸಕ್ಕೆ ತರುವ ಸರ್ವೆ ಗಳದಲ್ಲಿ ನಾಲ್ಕಂಗುಲ ದಪ್ಪದ ತುಂಡೊಂದು ಪುಕ್ಕಟೆ ಸಿಕ್ಕಿತು. ಒರಳಿನ ಗುಂಡಿಗೆ ಅದನ್ನು ನಿಲ್ಲಿಸಿ, ಜಲ್ಲಿ, ಮರಳು, ಸಿಮೆಂಟ್ ತುಂಬಿದೆ. ಒರಳಿನ ಮೇಲೆ ಮೂರಡಿ ಉಳಿಯುವಂತೆ ಕತ್ತರಿಸಿದೆ. ಮರಿಗೆ ಇಷ್ಟೆತ್ತರ ಯಾಕೆ ಎನ್ನಬೇಡಿ, ಮರಿ ಬೆಳೆಯುತ್ತದೆ.

ಹಗ್ಗದ ವಿಷಯದಲ್ಲಿ ಸ್ವಲ್ಪ ಹೆಚ್ಚೇ ಪ್ರಯೋಗ ಮಾಡಿದ್ದೇನೆ. ತೆಂಗಿನ ನಾರಿನ ಹಗ್ಗ ಅಗ್ಗ, ಆದರೆ ಮೈತುಂಬ ಮುಳ್ಳಿನಂತೆ ನಾರು ಎದ್ದಿರುತ್ತದೆ, ಕೆಂಚ ಮೂಸಿ ಹಿಂದೆ ಸರಿದ. ಗೋಣಿಚೀಲ ಸುತ್ತಿದಾಗ ಮೊದಲ ದಿನವೇ ಹಬ್ಬ, ಎರಡನೇ ವಾರಕ್ಕೆ ಚಿಂದಿ. ಉದ್ದನೆಯ ಎಳೆ ಕಿತ್ತು ಬಂದರೆ ಮರಿ ನುಂಗುತ್ತದೆ, ಕರುಳಿಗೆ ಸುತ್ತಿಕೊಂಡರೆ ಶಸ್ತ್ರಚಿಕಿತ್ಸೆಯೇ ಗತಿ, ಹಾಗಾಗಿ ಅದನ್ನು ಬಿಚ್ಚಿದೆ. ಕೊನೆಗೆ ನಿಂತದ್ದು ಸಂತೇಪೇಟೆಯಲ್ಲಿ ತಂದ ಕತ್ತಾಳೆ ನಾರಿನ ಹಗ್ಗ, ಕಿರುಬೆರಳಿಗಿಂತ ಸ್ವಲ್ಪ ಸಣ್ಣದು. ಸುಮಾರು ಎರಡೂವರೆ ಕಿಲೋ ಹಿಡಿಯಿತು, 600 ರೂಪಾಯಿಯ ಒಳಗೇ ಮುಗಿಯಿತು. ನೆನೆಸಿ ಸುತ್ತಿದರೆ ಒಣಗಿದಾಗ ಬಿಗಿಯುತ್ತದೆ ಎಂದು ಯಾರೋ ಹೇಳಿದ್ದರು. ಹಾಗೆ ಮಾಡಿದ ಸುತ್ತು ಒಣಗಿದ ಮೇಲೆ ಸಡಿಲವಾಯಿತು. ನೆನೆಸದ ಒಣ ಹಗ್ಗವನ್ನೇ ಸುತ್ತಿ, ನಾಲ್ಕೈದು ಸುತ್ತಿಗೊಮ್ಮೆ ಸುತ್ತಿಗೆಯಿಂದ ಕೆಳಕ್ಕೆ ಬಡಿದು ಕೂರಿಸಿ. ಮೊಳೆ ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ. ಮೇಲೂ ಕೆಳಗೂ ಫೆವಿಕಾಲ್ ಸಾಕು. ತುದಿಯನ್ನು ಕಾಣದಂತೆ ಒಳಗೆ ಸೇರಿಸುವ ಗಂಟು ಒಂದಿದೆ, ಅದನ್ನು ಕೈಯಲ್ಲಿ ತೋರಿಸಬಹುದೇ ಹೊರತು ಬರೆಯಲಾಗದು. ಸುತ್ತುವ ಮೊದಲು ಆ ಹಗ್ಗವನ್ನು ಕೆಲವು ದಿನ ನಾನು ಎಲ್ಲಿಟ್ಟಿದ್ದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಬೆಕ್ಕು ಸಾಕಿದವರಿಗೆ ಊಹೆ ಕಷ್ಟವಲ್ಲ.

ಕಂಬವನ್ನು ಸೋಫಾದ ಬಲಗೈಗೆ ತಾಗಿಸಿಯೇ ನಿಲ್ಲಿಸಿದೆ. ಬಂದವರೆಲ್ಲ ನಡುಮನೆಯಲ್ಲಿ ಇದೇನು ಗರುಡಗಂಬ ಎಂದು ನಕ್ಕರು. ಸೋಫಾದ ಕೈಗಳಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿದೆ, ಉಗುರಿಗೆ ಹಿಡಿತ ಸಿಗದಂತೆ. ಕೆಂಚ ಕಂಬ ಹಿಡಿದು ಎಳೆದ ಕ್ಷಣವೇ ಒಣಸಿಗಡಿಯ ಚೂರು. ಎಳೆದು ಮುಗಿಸಿ ನಾಲ್ಕು ಹೆಜ್ಜೆ ನಡೆದ ಮೇಲೆ ಕೊಟ್ಟರೆ ಯಾವುದಕ್ಕೆ ಕೊಟ್ಟಿರೆಂದು ಅದಕ್ಕೆ ತಿಳಿಯುವುದಿಲ್ಲ. ಸೋಫಾ ಪರಚಿದರೆ ಗದರಿಕೆ ಇಲ್ಲ, ಕಂಬದ ಮೇಲೆ ಒಂದು ದಾರ ಆಡಿಸುತ್ತಿದ್ದೆ. ಎರಡು ಮೂರು ವಾರದಲ್ಲಿ ಎದ್ದ ಕೂಡಲೇ ನೇರ ಕಂಬಕ್ಕೆ ಹೋಗತೊಡಗಿದ.

ಆಗ ಕಂಬವನ್ನು ಕಿಟಕಿಯ ಕಡೆಗೆ ಸರಿಸತೊಡಗಿದೆ, ಕೆಲವು ದಿನಕ್ಕೊಮ್ಮೆ ಒಂದು ಗೇಣು. ಒರಳನ್ನು ಗೋಣಿಯ ಮೇಲೆ ಕೂರಿಸಿ ಎಳೆಯುವ ಕೆಲಸ ನಮ್ಮವರದು, ಅವರ ಸೊಂಟದ ದೂರು ಇಂದಿಗೂ ಮುಗಿದಿಲ್ಲ. ಒಮ್ಮೆ ಮನೆಗೆ ನೆಂಟರು ಬರುತ್ತಾರೆಂದು ಒಂದೇ ಸಲ ಐದಾರು ಅಡಿ ದೂರ ತಳ್ಳಿದರು, ಮರುದಿನ ಬೆಳಿಗ್ಗೆ ಕೆಂಚ ಪ್ಲಾಸ್ಟಿಕ್ ಹಾಳೆಯ ಸಂದಿ ಹುಡುಕುತ್ತಿದ್ದ. ಕಿಟಕಿ ಮುಟ್ಟಲು ಎರಡು ತಿಂಗಳ ಹತ್ತಿರ ಹಿಡಿಯಿತು.

ನಡುವೆ ಬೆಕ್ಕಿಗೆ ಮತ್ತೇರಿಸುವ ಕ್ಯಾಟ್‌ನಿಪ್ ಎಂಬ ಗಿಡದ ಪುಡಿಗೆಂದು 350 ರೂಪಾಯಿ ಹೋಯಿತು. ಮೂರು ನಾಲ್ಕು ತಿಂಗಳ ಮರಿಗಳಿಗೆ ಸಾಮಾನ್ಯವಾಗಿ ಅದು ಹತ್ತುವುದೇ ಇಲ್ಲ. ಅದಕ್ಕಿಂತ ಒಳ್ಳೆಯದು ಮಳೆಗಾಲದಲ್ಲಿ ರಸ್ತೆ ಬದಿಯಲ್ಲಿ ಬೆಳೆಯುವ ಕುಪ್ಪಿಗಿಡ. ಎಲೆ ಬೇಡ, ಬೇರು ಬೇಕು. ಕೆಂಚನಿಗೆ ಆರೇಳು ತಿಂಗಳಾದಾಗ ಬೇರನ್ನು ತೊಳೆದು ಜಜ್ಜಿ ಹಗ್ಗಕ್ಕೆ ಉಜ್ಜಿದೆ. ಕಂಬ ತಬ್ಬಿಕೊಂಡು ಹೊರಳಾಡಿದ. ಆಮೇಲೆ ಬಂದ ನಮ್ಮ ಎರಡನೇ ಬೆಕ್ಕು ಗೌರಿ ಅದೇ ಬೇರನ್ನು ಮೂಸಿ ಮುಖ ತಿರುಗಿಸಿ ಹೋದಳು. ಅವಳು ಕಂಬವನ್ನೂ ಮುಟ್ಟಲಿಲ್ಲ. ಕಾಲೊರಸಿನ ಮೇಲಿನ ಗೀರುಗಳನ್ನು ನೋಡಿದಾಗ ಗೊತ್ತಾಯಿತು, ಅವಳದು ನೆಲ ಪರಚುವ ಜಾತಿ. ಉಳಿದ ಹಗ್ಗವನ್ನು ಒಂದು ಹಲಗೆಗೆ ಸುತ್ತಿ ಬಾಗಿಲ ಬಳಿ ಮಲಗಿಸಿದೆ, ಅವಳ ಸಮಸ್ಯೆ ವಾರದೊಳಗೆ ಮುಗಿಯಿತು.

ಸೋಫಾಕ್ಕೆ ಈ ಸಲ ಎಳೆ ಎದ್ದು ಕಾಣುವ ನೇಯ್ಗೆ ಬೇಡವೆಂದು ಒತ್ತೊತ್ತಾದ ವೆಲ್ವೆಟ್ ಹಾಕಿಸಿದೆ. ಕುಶನ್ ಕೆಲಸದವರು ಕಂಬವನ್ನು ಅಲುಗಿಸಿ ನೋಡಿ, ಅಲುಗದಿದ್ದಾಗ ಎತ್ತರದ ಅಳತೆ ಬರೆದುಕೊಂಡರು. ಬೇರೆ ಗಿರಾಕಿಗೆ ಮಾಡಿಕೊಡುತ್ತಾರಂತೆ. ಹಗ್ಗ ಇಟ್ಟಿದ್ದ ಜಾಗವನ್ನು ಅವರಿಗೂ ಹೇಳಿಲ್ಲ. ಒಟ್ಟು ದಂಡವಾದದ್ದು 3,000ಕ್ಕೆ ಹತ್ತಿರ, ಫಲ ಕೊಟ್ಟದ್ದಕ್ಕೆ ಸಿಮೆಂಟ್ ಸೇರಿ 800 ಇರಬಹುದು.

ಹಗ್ಗ ವರ್ಷಕ್ಕೊಮ್ಮೆ ಸವೆಯುತ್ತದೆ. ಆಗ ಎಲ್ಲವನ್ನೂ ಬಿಚ್ಚಿ ಹೊಸದು ಸುತ್ತಬೇಡಿ, ಬೆಕ್ಕಿಗೆ ಆ ಹರಕಲೇ ತನ್ನದೆಂಬ ಗುರುತು. ನಾನು ಮೇಲಿನ ಅರ್ಧವನ್ನಷ್ಟೇ ಬದಲಿಸಿದ್ದೇನೆ. ಕೆಳಗಿನ ಅರ್ಧಕ್ಕೆ ದೀಪಾವಳಿ ಕಳೆದ ಮೇಲೆ ಕೈ ಹಾಕುತ್ತೇನೆ.