ಒಂದು ಲ್ಯಾಕ್ಟೇಟ್ ಸಾಲದು

ಕಾರವಾರದಲ್ಲಿ ತೀವ್ರ ನಿಗಾ ಘಟಕದ ವೈದ್ಯನಾಗಿದ್ದಾಗ, ಮಹಾಪಧಮನಿಯ ಒಳಪದರ ಸೀಳಿದ, ಅಂದರೆ ಅಯೋರ್ಟಿಕ್ ಡಿಸೆಕ್ಷನ್ ಆದ ರೋಗಿ ಬಂದಾಗಲೆಲ್ಲ ನನ್ನನ್ನು ಕಾಡುತ್ತಿದ್ದುದು ದಾರಿ. ಸೀಳು ಹೃದಯಕ್ಕೆ ಹತ್ತಿದ ಭಾಗದಲ್ಲಿದ್ದರೆ, ಶಸ್ತ್ರಚಿಕಿತ್ಸೆ ತಡವಾದಂತೆ ಮೊದಲ ಎರಡು ದಿನ ಗಂಟೆಗೆ ಶೇ. 1ರಿಂದ 2ರಷ್ಟು ಸಾವು ಎಂಬುದು ನಾವು ಓದಿಕೊಂಡ ಹಳೆಯ ಲೆಕ್ಕ. ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಲಿ, ಕರಾವಳಿಯ ಹೆದ್ದಾರಿ ಹಿಡಿದು ಮಣಿಪಾಲಕ್ಕೆ ಹೋಗಲಿ, ಅಂಥ ಗಂಟೆಗಳು ರಸ್ತೆಯಲ್ಲೇ ಕಳೆಯುತ್ತವೆ.

ಮೊದಮೊದಲು ನಾನು ಡಿ-ಡೈಮರ್, ಅಂದರೆ ಹೆಪ್ಪುಗಟ್ಟಿದ ರಕ್ತ ಕರಗುವಾಗ ಉಳಿಯುವ ಪ್ರೋಟೀನ್ ತುಣುಕು, ರಕ್ತದಲ್ಲಿ ಎಷ್ಟು ಏರಿದೆಯೆಂದು ನೋಡಿ ರೋಗಿಯ ಭವಿಷ್ಯ ಅಳೆಯುತ್ತಿದ್ದೆ. ಅಪಾಯ ಕಡಿಮೆಯೆಂದು ತೋರುವ ರೋಗಿಯಲ್ಲಿ ಅದು ಮಿಲಿಲೀಟರಿಗೆ 500 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಈ ಕಾಯಿಲೆಯ ಸಂಶಯವನ್ನು ಬಹುಮಟ್ಟಿಗೆ ಬಿಡಬಹುದು, ನಿಜ, ಆದರೆ ಸಿ.ಟಿ.ಯಲ್ಲಿ ಸೀಳು ಕಂಡಾದ ಮೇಲೆ, ಆ ರಾತ್ರಿ ಏನಾಗಬಹುದೆಂಬುದನ್ನು ಅದೊಂದೇ ನನಗೆ ಹೇಳಲಿಲ್ಲ.

ಹೆಚ್ಚು ಹೇಳಿದ್ದು ಲ್ಯಾಕ್ಟೇಟ್. ಸೀಳಿದ ಪದರವು ಕರುಳು, ಮೂತ್ರಪಿಂಡ ಅಥವಾ ಕಾಲಿನ ರಕ್ತನಾಳದ ಬಾಯಿಗೆ ಅಡ್ಡವಾದಾಗ ಆಮ್ಲಜನಕ ಸಿಗದ ಅಂಗಾಂಶವು ಅದನ್ನು ರಕ್ತಕ್ಕೆ ಬಿಡುತ್ತದೆ. ಲೀಟರಿಗೆ 2 ಮಿಲಿಮೋಲ್ ದಾಟಿದರೆ ಎಚ್ಚರ, 4 ದಾಟಿದರೆ ಭಯ. ಒಮ್ಮೆ 5ರ ಮೇಲೆ ಬಂದ ಅಂಕಿಯನ್ನು ನಂಬಿ ಮನೆಯವರಿಗೆ ಆಸೆ ಕಡಿಮೆಯೆಂದು ಹೇಳಿಬಿಟ್ಟಿದ್ದೆ. ಆಮೇಲೆ ವಿಚಾರಿಸಿದರೆ, ಆ ರಕ್ತ ಸಾಮಾನ್ಯ ಟ್ಯೂಬಿನಲ್ಲಿ ಬಹಳ ಹೊತ್ತು ಮೇಜಿನ ಮೇಲೇ ಇತ್ತು. ರಕ್ತಕಣಗಳು ಟ್ಯೂಬಿನೊಳಗೂ ಗ್ಲೂಕೋಸ್ ಉರಿಸಿ ಲ್ಯಾಕ್ಟೇಟ್ ಮಾಡುತ್ತಲೇ ಇರುತ್ತವೆ. ಹೊಸದಾಗಿ ತೆಗೆದು, ಇದನ್ನು ತಡೆಯುವ ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬಿನಲ್ಲಿ, ಮಂಜುಗಡ್ಡೆಯ ಮೇಲಿಟ್ಟು ಕಳಿಸಿದಾಗ 2ರ ಒಳಗೇ ಇತ್ತು. ಮನೆಯವರ ಬಳಿ ಮತ್ತೆ ಹೋಗಿ ಮಾತು ತಿದ್ದಬೇಕಾಯಿತು. ಆ ನಡಿಗೆ ನನಗೆ ಇನ್ನೂ ನೆನಪಿದೆ.

ಅಂದಿನಿಂದ ಆಂಬುಲೆನ್ಸ್ ಹೊಂದಿಸುವಷ್ಟರಲ್ಲಿ ಎರಡನೆಯ ಮಾದರಿಯನ್ನೂ ತೆಗೆಯುತ್ತೇನೆ, ಆದರೆ ಅದರ ಫಲಿತಾಂಶಕ್ಕಾಗಿ ವಾಹನವನ್ನು ನಿಲ್ಲಿಸುವುದಿಲ್ಲ. ನೋವು ಇಳಿಸಿ, ಎಸ್ಮೊಲಾಲ್ ಅಥವಾ ಲ್ಯಾಬೆಟಲಾಲ್‌ನಿಂದ ನಾಡಿಯನ್ನು 60ರ ಆಸುಪಾಸಿಗೆ ತಂದ ಮೇಲೂ ಲ್ಯಾಕ್ಟೇಟ್ ಏರುತ್ತಲೇ ಇದ್ದು, ಮೂತ್ರ ಕಡಿಮೆಯಾಗಿ, ಮೂತ್ರಪಿಂಡ ಸೋಸಿ ಹಾಕಬೇಕಾದ ಕ್ರಿಯೇಟಿನಿನ್ ರಕ್ತದಲ್ಲಿ ಹೆಚ್ಚಿದರೆ, ಅಂಗಗಳಿಗೆ ರಕ್ತ ಹೋಗುತ್ತಿಲ್ಲವೆಂದೇ ತಿಳಿಯುತ್ತೇನೆ. ಪ್ಲೇಟ್‌ಲೆಟ್ ಇಳಿಯುವುದೂ ಒಳ್ಳೆಯ ಲಕ್ಷಣವಲ್ಲ. ನ್ಯೂಟ್ರೋಫಿಲ್ ಮತ್ತು ಲಿಂಫೊಸೈಟ್ ಎಂಬ ಎರಡು ಬಗೆಯ ಬಿಳಿ ರಕ್ತಕಣಗಳ ಅನುಪಾತವನ್ನು ಮಾತ್ರ ಅಷ್ಟಾಗಿ ನೆಚ್ಚುವುದಿಲ್ಲ. ದಾರಿಯಲ್ಲಿ ಯಾರೋ ಕೊಟ್ಟ ಒಂದು ಸ್ಟಿರಾಯ್ಡ್ ಇಂಜೆಕ್ಷನ್ ಸಾಕು, ಅದು ಏರಲು.

ಕಳಿಸುವ ಚೀಟಿಯಲ್ಲಿ ಪ್ರತಿ ಅಂಕಿಯ ಪಕ್ಕದಲ್ಲೂ ರಕ್ತ ತೆಗೆದ ಗಂಟೆಯನ್ನು ಬರೆಯುತ್ತೇನೆ. ಬಾಕಿ ಉಳಿದ ಫಲಿತಾಂಶವನ್ನು, ರೋಗಿ ಇನ್ನೂ ಘಟ್ಟದಲ್ಲಿರುವಾಗಲೇ, ಆ ಕಡೆಯ ವೈದ್ಯರಿಗೆ ಫೋನಿನಲ್ಲಿ ತಿಳಿಸುತ್ತೇನೆ.