ಬೆಳಿಗ್ಗೆ ಆಪರೇಷನ್, ಸಂಜೆಗೆ ಮನೆ: ಹೊಸದಾಗಿ ಬಂದವರಿಗೆ

ನನ್ನ ಮೊದಲ ಆಪರೇಷನ್ ನಡೆಯಲೇ ಇಲ್ಲ. ಹೊರದೇಶಕ್ಕೆ ಬಂದು ಏಳೆಂಟು ತಿಂಗಳಾಗಿತ್ತು. ಸಣ್ಣದೊಂದು ಹರ್ನಿಯಾ. ರಾತ್ರಿಯಿಂದ ಹೊಟ್ಟೆ ಖಾಲಿ ಬಿಟ್ಟು, ಸ್ನಾನ ಮುಗಿಸಿ, ಕಾಗದಪತ್ರ ಹಿಡಿದು ಬೆಳಿಗ್ಗೆ ಆರೂವರೆಗೇ ಆಸ್ಪತ್ರೆಯ ಕೌಂಟರಿನ ಮುಂದೆ ನಿಂತಿದ್ದೆ. "ವಾಪಸ್ ಕರ್ಕೊಂಡು ಹೋಗೋಕೆ ಯಾರು ಬರ್ತಾರೆ?" ಅಂತ ನರ್ಸ್ ಕೇಳಿದರು. "ಯಾರೂ ಇಲ್ಲ, ಟ್ಯಾಕ್ಸಿ ಹಿಡೀತೀನಿ" ಅಂದೆ. ಅವರು ಒಳಗೆ ಹೋಗಿ ಬಂದು, ತುಂಬ ಮರ್ಯಾದೆಯಿಂದಲೇ, ನನ್ನನ್ನು ಮನೆಗೆ ಕಳಿಸಿದರು. ಮುಂದಿನ ದಿನಾಂಕ ಸಿಕ್ಕಿದ್ದು ಆರು ವಾರದ ಮೇಲೆ.

ಆಗ ಸಿಟ್ಟು ಬಂದಿತ್ತು. ಸರಿ ಇದ್ದದ್ದು ಅವರೇ ಎಂದು ಗೊತ್ತಾಗಿದ್ದು ಆಮೇಲೆ. ಅರಿವಳಿಕೆ ಇಳಿದು ಎದ್ದು ಕೂತಾಗ 'ನಾನು ಚೆನ್ನಾಗಿದ್ದೀನಿ' ಅನ್ನಿಸುತ್ತದೆ. ಆದರೆ ಔಷಧಿಯ ಮಂಪರು ವಿವೇಚನೆಯ ಮೇಲೂ ಕೈಕಾಲಿನ ಚುರುಕಿನ ಮೇಲೂ ಇನ್ನೂ ಕೂತಿರುತ್ತದೆ. ಅದಕ್ಕೇ 24 ಗಂಟೆ ಕಾರು ಓಡಿಸುವಂತಿಲ್ಲ, ಮದ್ಯ ಮುಟ್ಟುವಂತಿಲ್ಲ, ಮುಖ್ಯವಾದ ಕಾಗದಕ್ಕೆ ಸಹಿ ಹಾಕುವಂತಿಲ್ಲ, ಚಿಕ್ಕ ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವಂತಿಲ್ಲ. ಟ್ಯಾಕ್ಸಿಯವನು ಮನೆ ಬಾಗಿಲಿಗೆ ಬಿಟ್ಟು ಹೋಗುತ್ತಾನೆ. ರಾತ್ರಿ ಹನ್ನೊಂದಕ್ಕೆ ಬಚ್ಚಲಲ್ಲಿ ತಲೆ ಸುತ್ತಿದರೆ ಹಿಡಿಯುವವರು ಯಾರು?

ಆಪರೇಷನ್ ಆದ ದಿನವೇ ಮನೆಗೆ ಕಳಿಸುವ ಈ ಪದ್ಧತಿಗೆ ಡೇ ಸರ್ಜರಿ ಅನ್ನುತ್ತಾರೆ. ಡೇ ಸರ್ಜರಿ ಅಂದರೆ ಆಪರೇಷನ್ ಸಣ್ಣದು ಅಂತಲ್ಲ. ವಾರ್ಡಿನಲ್ಲಿ ನರ್ಸ್ ಮಾಡುತ್ತಿದ್ದ ಕೆಲಸ ನಿಮ್ಮ ಮನೆಗೆ ವರ್ಗವಾಗಿದೆ ಅಂತ. ಇದು ಈಚಿನ ಪದ್ಧತಿಯೂ ಅಲ್ಲ. ಗ್ಲಾಸ್ಗೋದ ಮಕ್ಕಳ ಶಸ್ತ್ರವೈದ್ಯ ಜೇಮ್ಸ್ ನಿಕೋಲ್ 1909ರಲ್ಲೇ, ಹೊರರೋಗಿಗಳಾಗಿ ಬಂದ ಮಕ್ಕಳಿಗೆ ಮಾಡಿದ 8,988 ಆಪರೇಷನ್‌ಗಳ ವರದಿ ಪ್ರಕಟಿಸಿದ್ದರು. ಮಕ್ಕಳು ಅದೇ ದಿನ ಮನೆಗೆ ಹೋಗುತ್ತಿದ್ದರು, ಆರೈಕೆ ತಾಯಂದಿರದು. ಆ ತಾಯಿಯ ಜಾಗದಲ್ಲಿ ನಿಮಗೆ ಯಾರಿದ್ದಾರೆ? ದಿನಾಂಕ ಗೊತ್ತಾದ ದಿನವೇ ಇತ್ಯರ್ಥ ಮಾಡಿಕೊಳ್ಳಬೇಕಾದ ಪ್ರಶ್ನೆ ಇದು.

ಕೇಳಲು ಸಂಕೋಚ, ನನಗೆ ಗೊತ್ತು. ಪರಿಚಯವಾಗಿ ಮೂರು ತಿಂಗಳಾದವರ ಹತ್ತಿರ ಹೇಗೆ ಕೇಳೋದು ಅಂತ ನಾನೂ ಒದ್ದಾಡಿದ್ದೇನೆ. "ಸ್ವಲ್ಪ ಹೆಲ್ಪ್ ಬೇಕಿತ್ತು" ಅಂತ ಎಳೆದು ಹೇಳಿದರೆ ಎದುರಿನವರಿಗೆ ಏನು ಒಪ್ಪಿಕೊಳ್ಳುತ್ತಿದ್ದೇವೆ ಎಂದೇ ತಿಳಿಯುವುದಿಲ್ಲ. "ಗುರುವಾರ ಮಧ್ಯಾಹ್ನ ಒಂದಕ್ಕೆ ಆಸ್ಪತ್ರೆಯಿಂದ ಕರ್ಕೊಂಡು ಬಂದು, ಶುಕ್ರವಾರ ಬೆಳಿಗ್ಗೆವರೆಗೆ ನಮ್ಮನೇಲಿ ಇರೋಕಾಗುತ್ತಾ?" ಅಂತ ಕೇಳಿ. ಹೀಗೆ ಕೇಳಿದಾಗ ಜನ ಒಪ್ಪುವುದೇ ಹೆಚ್ಚು. ಒಬ್ಬರಿಂದ ಆಗದಿದ್ದರೆ ಕರೆತರುವುದು ಒಬ್ಬರು, ರಾತ್ರಿ ಇರುವುದು ಇನ್ನೊಬ್ಬರು. ಮಗುವಿಗೆ ಆಪರೇಷನ್ ಆದರೆ ಕಾರಿನಲ್ಲಿ ಇಬ್ಬರು ದೊಡ್ಡವರು ಬೇಕು: ಒಬ್ಬರು ಓಡಿಸಲು, ಒಬ್ಬರು ಹಿಂದೆ ಮಗುವಿನ ಪಕ್ಕ ಕೂರಲು.

ಆಪರೇಷನ್‌ಗೆ ಕೆಲವು ದಿನ ಮುಂಚೆ ಆಸ್ಪತ್ರೆಯಿಂದ ಫೋನ್ ಬರುತ್ತದೆ, ಇಲ್ಲವೇ ಕರೆಸಿ ಮಾತಾಡಿಸುತ್ತಾರೆ. ಅದನ್ನು ಉಪಚಾರದ ಮಾತುಕತೆ ಅಂದುಕೊಂಡು 'ಎಲ್ಲ ಸರಿಯಾಗಿದೆ' ಎಂದು ಮುಗಿಸಬೇಡಿ. ನೀವು ನುಂಗುವ ಪ್ರತಿ ಮಾತ್ರೆಯ ಹೆಸರು ಬರೆದಿಟ್ಟುಕೊಳ್ಳಿ. ಬ್ರ್ಯಾಂಡ್ ಹೆಸರು ಸಾಲದು, ಅದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಸ್ಟ್ರಿಪ್ಪಿನ ಮೇಲೆ ಸಣ್ಣಕ್ಷರದಲ್ಲಿರುವ ಔಷಧಿಯ ನಿಜವಾದ ಹೆಸರು ಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್, ಕ್ಲೋಪಿಡೋಗ್ರೆಲ್ ಥರದ್ದನ್ನು ಕೆಲವು ದಿನ ಮುಂಚೆ ನಿಲ್ಲಿಸಲು ಹೇಳಬಹುದು. ಆದರೆ ನಿಲ್ಲಿಸಬೇಕೆ, ಯಾವತ್ತಿನಿಂದ ಎಂದು ವೈದ್ಯರು ಹೇಳಬೇಕು, ನೀವಾಗಿಯೇ ನಿಲ್ಲಿಸುವುದು ಅಪಾಯ. ಸಕ್ಕರೆ ಕಾಯಿಲೆಗೆ ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಿಗೆ ಸಾಮಾನ್ಯವಾಗಿ ಮೂರು ದಿನ ಮುಂಚೆಯೇ ನಿಲ್ಲಿಸಿ ಎನ್ನುತ್ತಾರೆ. ಹೊಟ್ಟೆ ಖಾಲಿ ಇರುವಾಗ ಈ ಮಾತ್ರೆಯಿಂದ ರಕ್ತದಲ್ಲಿ ಆಮ್ಲ ಏರಬಹುದು, ಸಕ್ಕರೆ ಮಾಪಕ ನಾರ್ಮಲ್ ತೋರಿಸುತ್ತಿದ್ದರೂ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ ಹೊಟ್ಟೆ ಖಾಲಿಯಾಗುವುದನ್ನೇ ನಿಧಾನ ಮಾಡುತ್ತದೆ, ಅದನ್ನೂ ಮುಚ್ಚಿಡಬೇಡಿ. ಗಿಡಮೂಲಿಕೆಯ ಗುಳಿಗೆಗಳನ್ನು 'ಔಷಧಿ' ಎಂಬ ಲೆಕ್ಕಕ್ಕೇ ತೆಗೆದುಕೊಳ್ಳದೆ ಬಿಟ್ಟುಬಿಡುವವರು ನಮ್ಮಲ್ಲಿ ಬಹಳ. ಬೆಳ್ಳುಳ್ಳಿ, ಗಿಂಕೋ ಗುಳಿಗೆಗಳಿಂದ ರಕ್ತಸ್ರಾವ ಹೆಚ್ಚಬಹುದು. ಪಟ್ಟಿಯಲ್ಲಿ ಅವೂ ಇರಲಿ.

ಇನ್ನೊಂದು ವಿಷಯ. ಮನೆಯ ಹಿರಿಯರಿಗೆ ಒಂದು ಫೋನ್ ಮಾಡಿ, ಹತ್ತಿರದ ಸಂಬಂಧಿಕರಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆ ಆಗಿತ್ತಾ ಕೇಳಿ. ಕೆಲವು ಅರಿವಳಿಕೆಗಳಿಗೆ ಮೈ ಕಾದು ಸ್ನಾಯು ಬಿಗಿಯುವ, ಜೀವಕ್ಕೇ ಎರವಾಗಬಲ್ಲ ಒಂದು ಅಪರೂಪದ ಪ್ರತಿಕ್ರಿಯೆ ವಂಶದಲ್ಲಿ ಹರಿಯುತ್ತದೆ. ಮೊದಲೇ ಗೊತ್ತಿದ್ದರೆ ಬೇರೆ ಔಷಧಿ ಬಳಸುತ್ತಾರೆ, ಅಷ್ಟೇ.

ಭಾಷೆ ತೊಡಕಾಗುವುದಾದರೆ, ಅದರಲ್ಲೂ ಅಪ್ಪ ಅಮ್ಮ ಬಂದಿದ್ದಾಗ ಅವರಿಗೆ ಆಪರೇಷನ್ ಆದರೆ, ಕನ್ನಡ ದುಭಾಷಿ ಸಿಗುತ್ತಾರಾ ಎಂದು ಮುಂಚೆಯೇ ಕೇಳಿ. ಫೋನಿನಲ್ಲೋ ವಿಡಿಯೋದಲ್ಲೋ ಒದಗಿಸುವ ಆಸ್ಪತ್ರೆಗಳು ಎಷ್ಟೋ ಇವೆ. ಮಕ್ಕಳ ಕೈಲಿ ಅನುವಾದ ಮಾಡಿಸಬೇಡಿ. ಪರಿಚಯದ ಮನೆಯೊಂದರಲ್ಲಿ ಅಜ್ಜಿ ಆಪರೇಷನ್ ಆದ ಮೇಲೆ "ಯಾಕೋ ಸಂಕಟ ಆಗ್ತಿದೆ" ಅಂದರು. ಹನ್ನೆರಡು ವರ್ಷದ ಮೊಮ್ಮಗ ನರ್ಸಿಗೆ ಹೇಳಿದ್ದು: ಅಜ್ಜಿಗೆ ದುಃಖವಾಗಿದೆಯಂತೆ. ನರ್ಸ್ ಪಾಪ ಅಜ್ಜಿಯ ಕೈ ಹಿಡಿದು ಸಮಾಧಾನ ಮಾಡಿದರು. ಎರಡು ನಿಮಿಷಕ್ಕೆ ಅಜ್ಜಿ ವಾಂತಿ ಮಾಡಿಕೊಂಡರು.

ನೋವಿನ ಮಾತೂ ಹಾಗೆಯೇ. ಉರಿ, ಸೆಳೆತ, ಇರಿತ, ಜೋಮು, ಕಡಿತ, ಹಿಂಡಿದ ಹಾಗೆ ಎಂದೆಲ್ಲ ನಾವು ಬಿಡಿಬಿಡಿಯಾಗಿ ಹೇಳುತ್ತೇವೆ. ಬೇರೆ ಭಾಷೆಗೆ ಹೋದಾಗ ಎಲ್ಲ ಸೇರಿ ಬರಿಯ 'ನೋವು' ಆಗಿಬಿಡುತ್ತದೆ. ಆದರೆ ಉರಿ ಬೇರೆ ಕಡೆ ಬೊಟ್ಟು ಮಾಡುತ್ತದೆ, ಜೋಮು ಬೇರೆ ಕಡೆ. ನಿಮಗೆ ಬೇಕಾಗಬಹುದಾದ ಐದಾರು ಪದಗಳನ್ನು ಅಲ್ಲಿನ ಭಾಷೆಯಲ್ಲಿ ಮೊದಲೇ ಕಲಿತಿಟ್ಟುಕೊಳ್ಳಿ. ಸೊನ್ನೆಯಿಂದ ಹತ್ತರ ತನಕ ನೋವಿಗೆ ನಂಬರ್ ಕೊಡಿ ಎಂದೂ ಕೇಳುತ್ತಾರೆ. ನಮಗೆ 'ಪರವಾಗಿಲ್ಲ' ಅನ್ನುವ ಚಟ. ಏಳು ಇದ್ದರೆ ಏಳು ಅನ್ನಿ. ಅದನ್ನು ನೋಡಿಯೇ ಅವರು ಔಷಧಿ ಕೊಡುವುದು, ನಿಮ್ಮ ಧೈರ್ಯಕ್ಕೆ ಯಾರೂ ಮಾರ್ಕ್ಸ್ ಕೊಡುವುದಿಲ್ಲ.

ಉಪವಾಸದ ಲೆಕ್ಕ ಸಾಮಾನ್ಯವಾಗಿ ಹೀಗಿರುತ್ತದೆ: ಲಘು ಆಹಾರವಾದರೆ 6 ಗಂಟೆ, ಕರಿದದ್ದು, ಜಿಡ್ಡಿನದು, ಮಾಂಸವಾದರೆ 8 ಗಂಟೆ ಅಥವಾ ಹೆಚ್ಚು, ನೀರಿನಂಥ ತಿಳಿ ಪಾನೀಯವಾದರೆ 2 ಗಂಟೆ. ನಿಮ್ಮ ಆಸ್ಪತ್ರೆ ಬೇರೆ ಸಮಯ ಕೊಟ್ಟಿದ್ದರೆ ಅದೇ ಕಡೆಯ ಮಾತು. ಮುಗ್ಗರಿಸುವುದು ಹಾಲಿನಲ್ಲಿ. ಹಾಲು ಹಾಕದ ಕಾಫಿ ತಿಳಿ ಪಾನೀಯ, ಒಂದು ಚಮಚ ಹಾಲು ಬಿದ್ದರೆ ಅಲ್ಲ. ಹಾಲಿಗೆ 6 ಗಂಟೆ. ಇದು ಶಾಸ್ತ್ರಕ್ಕೆ ಮಾಡಿದ ನಿಯಮವಲ್ಲ: ಅರಿವಳಿಕೆಯಲ್ಲಿ ಗಂಟಲಿನ ಕಾವಲು ಮಲಗಿಬಿಡುತ್ತದೆ, ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಮರೆತು ಏನಾದರೂ ತಿಂದಿದ್ದರೆ ಹೇಳಿಬಿಡಿ. ಬೆಳಗಿನ ಬಿಪಿ ಮಾತ್ರೆಯನ್ನು ಗುಟುಕು ನೀರಿನಲ್ಲಿ ತೆಗೆದುಕೊಳ್ಳಬೇಕೋ ಬಿಡಬೇಕೋ ಎಂದೂ ಮೊದಲೇ ಕೇಳಿಟ್ಟುಕೊಳ್ಳಿ, ಅದು ಮಾತ್ರೆಯಿಂದ ಮಾತ್ರೆಗೆ ಬೇರೆ.

ಆಪರೇಷನ್ ಆಗುವ ಜಾಗದ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ಬೋಳಿಸಬೇಡಿ, ಕಣ್ಣಿಗೆ ಕಾಣದ ಗೀರುಗಳಿಂದ ಸೋಂಕು ಹೊಗುತ್ತದೆ. ಉಂಗುರ ಬೆರಳಿನಲ್ಲಿ ಬಿಗಿದುಕೊಂಡಿದ್ದರೆ ಒಂದು ವಾರ ಮುಂಚೆಯೇ ತೆಗೆಸಿ. ಜ್ವರ, ಕೆಮ್ಮು ಶುರುವಾದರೆ ಹಿಂದಿನ ದಿನವೇ ಫೋನ್ ಮಾಡಿ.

ಅವತ್ತು ನಿಮ್ಮ ಹೆಸರು, ಹುಟ್ಟಿದ ದಿನ, ಯಾವ ಆಪರೇಷನ್, ಯಾವ ಕಡೆ ಎಂದು ನಾಲ್ಕಾರು ಜನ ಮತ್ತೆ ಮತ್ತೆ ಕೇಳುತ್ತಾರೆ. ಇವರಿಗೆ ಒಬ್ಬರ ಮಾತು ಒಬ್ಬರಿಗೆ ಗೊತ್ತಿಲ್ಲವಾ ಎಂದು ರೇಗಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಸುರಕ್ಷತಾ ಪಟ್ಟಿಯಲ್ಲಿ ಇದೂ ಸೇರಿದೆ. ಕೇಳಿದಷ್ಟು ಸಲವೂ ಪೂರ್ತಿ ಹೇಳಿ. ಇನಿಷಿಯಲ್ ಇರುವ ನಮ್ಮ ಹೆಸರುಗಳು ಪಾಸ್‌ಪೋರ್ಟಿನಲ್ಲಿ ಒಂದು, ವಿಮೆಯಲ್ಲಿ ಇನ್ನೊಂದು ಆಗಿರುವುದುಂಟು. ಅದನ್ನು ಮುಂಚೆಯೇ ಸರಿಮಾಡಿಸಿ. ಬಸ್ಸಿನಲ್ಲಿ ಕೂತರೆ ವಾಂತಿ ಬರುವವರು ನೀವಾದರೆ ಅರಿವಳಿಕೆ ವೈದ್ಯರಿಗೆ ಹೇಳಿ. ಅಂಥವರಿಗೆ ಆಮೇಲೆ ವಾಕರಿಕೆ ಹೆಚ್ಚು, ಮೊದಲೇ ಔಷಧಿ ಕೊಡುತ್ತಾರೆ.

ಎಚ್ಚರವಾದ ಮೇಲೆ ಸರ್ಜನ್ ಬಂದು ಮಾತಾಡುತ್ತಾರೆ. ಎರಡನೇ ಸಲ ನನಗೆ ಜೊತೆಗಾರನಾಗಿ ಬಂದಿದ್ದ ಗೆಳೆಯ ಹೇಳುವ ಪ್ರಕಾರ ನಾನು ಸರ್ಜನ್ ಜೊತೆ ಹತ್ತು ನಿಮಿಷ ಲಕ್ಷಣವಾಗಿ ಮಾತಾಡಿದೆ, ಎರಡು ಪ್ರಶ್ನೆಯನ್ನೂ ಕೇಳಿದೆ. ನನಗೆ ಒಂದಕ್ಷರ ನೆನಪಿಲ್ಲ. ಅವನು ಕವರಿನ ಹಿಂದೆ ಬರೆದುಕೊಂಡಿದ್ದರಿಂದ ಬಚಾವಾದೆ. ಡಿಸ್ಚಾರ್ಜ್ ಹಾಳೆಯಲ್ಲಿ ರಾತ್ರಿ ಹೊತ್ತು ಕರೆ ಮಾಡುವ ನಂಬರ್ ಇದೆಯಾ ಎಂದು ಜೊತೆಗಾರರು ಅಲ್ಲೇ ನೋಡಿಕೊಳ್ಳಬೇಕು.

ಮೊದಲ ರಾತ್ರಿಯ ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ಕೆಲವು ವರ್ಷದ ಮೇಲೆ ಪಿತ್ತಕೋಶ ತೆಗೆಸಿಕೊಂಡಾಗ ಹೊಟ್ಟೆಯಲ್ಲಿ ನಾಲ್ಕು ಸಣ್ಣ ತೂತು. ರಾತ್ರಿ ನೋವು ಬಂದಿದ್ದು ಬಲ ಭುಜಕ್ಕೆ! ಹೃದಯವೇ ಇರಬೇಕೆಂದು ಬೆವೆತುಹೋದೆ. ಆಮೇಲೆ ಗೊತ್ತಾಯಿತು: ಕೀಹೋಲ್ ಆಪರೇಷನ್‌ಗೆ ಹೊಟ್ಟೆಯನ್ನು ಇಂಗಾಲದ ಡೈಆಕ್ಸೈಡ್‌ನಿಂದ ಉಬ್ಬಿಸುತ್ತಾರೆ. ಉಳಿದ ಗಾಳಿ ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪದರವನ್ನು, ಕೆಣಕುತ್ತದೆ, ವಪೆಯ ನರ ಭುಜದ ನರಗಳು ಬರುವ ಕಡೆಯಿಂದಲೇ ಬರುವುದರಿಂದ ನೋವು ಭುಜದಲ್ಲಿ ಕಾಣುತ್ತದೆ. ಮೆಲ್ಲಗೆ ಓಡಾಡಿದರೆ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಆದರೂ ಎದೆ ಹಿಂಡಿದರೆ, ಉಸಿರು ಕಟ್ಟಿದರೆ 'ಗಾಳಿ ಇರಬೇಕು' ಎಂದು ಸುಮ್ಮನಿರಬೇಡಿ.

ನರದ ಪಕ್ಕ ಔಷಧಿ ಚುಚ್ಚಿ ಕೈಯನ್ನೋ ಕಾಲನ್ನೋ ಮರಗಟ್ಟಿಸಿದ್ದರೆ ಸಂಜೆಯೆಲ್ಲ ಹಾಯಾಗಿರುತ್ತದೆ. ಅದು ಬಿಡುವುದು ಹೆಚ್ಚಾಗಿ ನಡುರಾತ್ರಿ, ಒಮ್ಮೆಗೇ. ಜೋಮು ಶುರುವಾಗುತ್ತಿದ್ದಂತೆ, ನೋವಿಗೆ ಕಾಯದೆ, ಹೇಳಿದ ಮಾತ್ರೆ ತೆಗೆದುಕೊಳ್ಳಿ. ಮಾತ್ರೆಗಳಲ್ಲೂ ಒಂದು ಬಲೆ ಇದೆ. ಕೆಲವು ದೇಶಗಳಲ್ಲಿ ಅಸೆಟಮಿನೋಫೆನ್ ಅನ್ನುವುದು ನಮ್ಮ ಪ್ಯಾರಾಸಿಟಮಾಲೇ. ಆಸ್ಪತ್ರೆ ಕೊಟ್ಟ ಬಲವಾದ ನೋವಿನ ಮಾತ್ರೆಯೊಳಗೂ ಅದು ಬೆರೆತಿರಬಹುದು. ಜೊತೆಗೆ ಪೆಟ್ಟಿಗೆಯಲ್ಲಿ ಹೊತ್ತು ತಂದದ್ದನ್ನೂ ನುಂಗಿದರೆ ದೊಡ್ಡವರಿಗಿರುವ ಮಿತಿ, ದಿನಕ್ಕೆ 4 ಗ್ರಾಂ, ಗೊತ್ತಿಲ್ಲದೆ ದಾಟಿ ಯಕೃತ್ತಿಗೆ ಪೆಟ್ಟು. ತೂಕ ಕಡಿಮೆ ಇರುವವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ ಮಿತಿ ಇನ್ನೂ ಕಡಿಮೆ. ಎಷ್ಟು ಹೊತ್ತಿಗೆ ಯಾವ ಮಾತ್ರೆ ಎಂದು ಒಂದು ಚೀಟಿಯಲ್ಲಿ ಬರೆಯುತ್ತಾ ಹೋಗಿ. ಓಪಿಯಾಯ್ಡ್, ಅಂದರೆ ಮಾರ್ಫಿನ್ ಜಾತಿಯ ಬಲವಾದ ನೋವಿನ ಮಾತ್ರೆಗಳಿಂದ ಮಲಬದ್ಧತೆ ಬಂದೇ ಬರುತ್ತದೆ ಅಂದುಕೊಳ್ಳಿ, ಅದಕ್ಕೆ ಔಷಧಿ ಮೊದಲ ದಿನವೇ ಕೇಳಿ ಪಡೆಯಿರಿ. ತಿಣುಕುವುದರಿಂದ ಹರ್ನಿಯಾ ಹೊಲಿಗೆಗೆ ಆಗುವ ಹಿಂಸೆ ನನಗೆ ಗೊತ್ತು.

ಗಾಯದ ಪಟ್ಟಿ ಯಾವಾಗ ತೆಗೆಯಬೇಕು, ಯಾವಾಗ ಸ್ನಾನ ಎಂದು ಹಾಳೆಯಲ್ಲಿ ಇರುತ್ತದೆ. ತೊಟ್ಟಿಯಲ್ಲಿ ನೆನೆಯುವುದು, ಈಜು ಸದ್ಯಕ್ಕೆ ಬೇಡ. ಯಾವ ಪುಡಿಯೂ ಎಣ್ಣೆಯೂ ಗಾಯಕ್ಕೆ ಬೇಡ, ಯಾರು ಎಷ್ಟೇ ಪ್ರೀತಿಯಿಂದ ಹೇಳಿದರೂ.

ಫೋನ್ ಎತ್ತಬೇಕಾದ ಹೊತ್ತು ಯಾವುದು? ಪಟ್ಟಿ ತೊಯ್ಯುವಷ್ಟು ರಕ್ತ, ಕೀವು, ಗಾಯದ ಸುತ್ತ ಹರಡುತ್ತಿರುವ ಕೆಂಪು, ನಿಲ್ಲದ ವಾಂತಿ, ಆರೆಂಟು ಗಂಟೆಯಾದರೂ ಮೂತ್ರ ಬಾರದಿರುವುದು, 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ. ನಿಮ್ಮ ಥರ್ಮಾಮೀಟರ್ ಫ್ಯಾರನ್‌ಹೀಟಿನದಾದರೆ ಅದು 100.4. ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೆ ಅಂದೇ ತೋರಿಸಿ, ರಕ್ತ ಹೆಪ್ಪುಗಟ್ಟಿರಬಹುದು. ಏದುಸಿರು, ಎದೆನೋವು ಬಂದರೆ ನೇರ ತುರ್ತು ನಂಬರಿಗೆ.

ರಜೆ ತೆಗೆದುಕೊಳ್ಳುವಾಗ ಜಿಪುಣತನ ಬೇಡ. ಹೊಸ ಕೆಲಸ ಎಂದು ಮೂರನೇ ದಿನವೇ ಆಫೀಸಿಗೆ ಹೋಗಿ ಐದನೇ ದಿನ ಮತ್ತೆ ಮಲಗಿದವನು ನಾನು. ಆಪರೇಷನ್ ಮುಗಿಸಿಕೊಂಡು ಮುಂದಿನ ವಾರ ವಿಮಾನ ಹತ್ತುವ ಯೋಚನೆ ಇದ್ದರೆ, ಟಿಕೆಟ್ ಕೊಳ್ಳುವ ಮೊದಲು ಸರ್ಜನ್ ಹತ್ತಿರ ಕೇಳಿ. ಗಂಟೆಗಟ್ಟಲೆ ಕೂತರೆ ಹೆಪ್ಪುಗಟ್ಟುವ ಭಯ ಹೆಚ್ಚು. ರೆಟಿನಾ ಆಪರೇಷನ್‌ನಲ್ಲಿ ಕಣ್ಣಿಗೆ ಅನಿಲದ ಗುಳ್ಳೆ ತುಂಬಿದ್ದರೆ ಅದು ಕರಗುವವರೆಗೆ ವಿಮಾನ ಹತ್ತಲೇಬಾರದು, ಎತ್ತರದಲ್ಲಿ ಗುಳ್ಳೆ ಹಿಗ್ಗಿ ದೃಷ್ಟಿಯೇ ಹೋಗಬಹುದು. ತೆಗೆದ ಭಾಗವನ್ನು ಪರೀಕ್ಷೆಗೆ ಕಳಿಸಿದ್ದರೆ ವರದಿ ಯಾವಾಗ, ಯಾರು ಹೇಳುತ್ತಾರೆ ಎಂದು ಕೇಳಿಟ್ಟುಕೊಳ್ಳಿ, 'ಏನೂ ಹೇಳಲಿಲ್ಲ, ಅಂದರೆ ಸರಿಯಿರಬೇಕು' ಎಂದು ಕೂರಬೇಡಿ. ಉಳಿದ ಓಪಿಯಾಯ್ಡ್ ಮಾತ್ರೆಗಳನ್ನು ಮುಂದಕ್ಕೆ ಬೇಕಾದೀತು ಎಂದು ಡಬ್ಬಿಯಲ್ಲಿ ಎತ್ತಿಡದೆ ಔಷಧಿ ಅಂಗಡಿಗೆ ವಾಪಸ್ ಕೊಡಿ. ಅಲ್ಲಿ ತೆಗೆದುಕೊಳ್ಳದಿದ್ದರೆ ಎಲ್ಲಿ ಕೊಡಬೇಕೆಂದು ಅವರೇ ಹೇಳುತ್ತಾರೆ.