ಹಿನ್ನೀರಲ್ಲಿ ಬೋಟ್ ಕೂತರೆ ಮೊದಲು ಎಂಜಿನ್ ಬಂದ್ ಮಾಡಿ

ಸಮುದ್ರದಲ್ಲಿ ಬೋಟ್ ಮರಳಿಗೆ ಹತ್ತಿ ಕೂತರೆ ಒಂದು ಸಮಾಧಾನ ಇದೆ. ಇಳಿತದಲ್ಲಿ ಕೂತಿದ್ದರೆ ಆರು ತಾಸು ಕಾಯಿರಿ, ಉಬ್ಬರ ಬಂದು ಎತ್ತುತ್ತದೆ. 2021ರ ಮಾರ್ಚ್ 23ಕ್ಕೆ ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡ 400 ಮೀಟರ್ ಉದ್ದದ ಎವರ್ ಗಿವನ್ ಹಡಗು 29ಕ್ಕೆ ಬಿಡಿಸಿಕೊಂಡಿತಲ್ಲ, ಅಲ್ಲೂ ಟಗ್ ಬೋಟುಗಳು, ಹೂಳು ತೆಗೆಯೋ ಯಂತ್ರಗಳ ಜೊತೆ ಹುಣ್ಣಿಮೆಯ ದೊಡ್ಡ ಉಬ್ಬರವೂ ಕೈ ಹಿಡಿದಿತ್ತು. ಆಲಮಟ್ಟಿ ಹಿನ್ನೀರಿಗೆ ಆ ಭಾಗ್ಯ ಇಲ್ಲ. ಮಳೆಗಾಲದಲ್ಲಿ ಸಮುದ್ರ ಮಟ್ಟದಿಂದ 519.60 ಮೀಟರ್ ಎತ್ತರದವರೆಗೆ ತುಂಬಿದ ನೀರಿಗೆ ಬೇಸಿಗೆ ಬಂತೆಂದರೆ ಇಳಿಯೋದೇ ಕೆಲಸ. ಇವತ್ತು ಬೋಟ್ ಕೂತ ಜಾಗದಲ್ಲಿ ಇನ್ನು ಸ್ವಲ್ಪ ದಿನಕ್ಕೆ ಯಾರೋ ಬಿತ್ತೋಕೆ ನಿಂತಿರುತ್ತಾರೆ. ಅಂದರೆ ಇಲ್ಲಿ ಕಾಯೋದೇ ತಪ್ಪು. ಹಾಗಂತ ಅವಸರ ಮಾಡಿದರೆ ಇನ್ನೂ ಕೆಟ್ಟದ್ದು.

ನಾನು ಗೋವಾದಲ್ಲಿ ಯಾಟ್‌ಗಳ ಮೇಲೆ ಕೆಲಸ ಮಾಡಿ ಬಂದವನು. ಈಗ ಬಾಗಲಕೋಟೆಯಲ್ಲಿ ಪಂಪ್‌ಸೆಟ್, ಬೋಟ್ ಎಂಜಿನ್ ರಿಪೇರಿ ಮಾಡ್ತೀನಿ. ಹಿನ್ನೀರಿಗೆ ಫ್ಲೆಮಿಂಗೊ ಹಕ್ಕಿ ಬರೋ ಹೊತ್ತಿಗೆ ನನಗೆ ಫೋನ್ ಜಾಸ್ತಿ ಬರುತ್ತವೆ. ಫೋಟೋ ತೆಗೆಯೋರು ಹಕ್ಕಿ ಕಡೆಗೇ ಬೋಟ್ ಬಿಡಿಸುತ್ತಾರೆ. ಫ್ಲೆಮಿಂಗೊ ನಿಂತು ಮೇಯ್ತಿದೆ ಅಂದರೆ ಅಲ್ಲಿ ನೀರೇ ಇಲ್ಲ ಅಂತ ಅರ್ಥ, ಅದರ ಕಾಲು ನೋಡಿದರೆ ಗೊತ್ತಾಗಲ್ವಾ?

ಒಂದು ಸಲ ಕೊರ್ತಿ-ಕೊಲ್ಹಾರ ಸೇತುವೆ ಕಾಣುವಷ್ಟು ದೂರದಲ್ಲಿ ಬೆಳಗಾವಿಯ ಒಬ್ಬರ ಫೈಬರ್ ಬೋಟ್ ಎರೆ ಮಣ್ಣಿಗೆ ಹತ್ತಿ ಕೂತಿತ್ತು. ನಾನು ತೆಪ್ಪದಲ್ಲಿ ಹೋಗೋ ಹೊತ್ತಿಗೆ ಅವರು ಎಂಜಿನ್ ರೇಸ್ ಮಾಡ್ತಾನೇ ಇದ್ದರು. ಔಟ್‌ಬೋರ್ಡ್, ಅಂದರೆ ಬೋಟಿನ ಹಿಂಬದಿಗೆ ಹೊರಗಡೆ ಸಿಕ್ಕಿಸೋ ಎಂಜಿನ್ನು, ತಣ್ಣಗಿರೋಕೆ ಕೆಳಗಿಂದ ನೀರು ಎಳೆದುಕೊಂಡು ಹಿಂದೆ ಸಣ್ಣ ಧಾರೆ ಬಿಡುತ್ತದೆ. ಆ ಧಾರೆ ಮೊದಲು ಕಪ್ಪಾಗಿ, ಆಮೇಲೆ ತೊಟ್ಟಿಕ್ಕಿ, ಕೊನೆಗೆ ನಿಂತೇ ಹೋಗಿತ್ತು. ಒಳಗಿನ ರಬ್ಬರ್ ಇಂಪೆಲ್ಲರ್, ಅಂದರೆ ನೀರು ಎಳೆಯೋ ಚಕ್ರ, ಕೆಸರು ತಿಂದಿದೆ ಅಂತ ಅಲ್ಲೇ ಗೊತ್ತಾಯಿತು. ಎಂಜಿನ್ ಬಂದ್ ಮಾಡಿಸಿ ಮೇಲಕ್ಕೆ ಎತ್ತಿಸಿದೆ.

ಎರಡನೇ ಕೆಲಸ, ಅಡಿ ಒಡೆದಿದೆಯಾ ಅಂತ ನೋಡೋದು. ಒಳಗಿನ ಹಲಗೆ ಎತ್ತಿ, ನಿಂತ ನೀರು ತೆಗೆದು, ಒರೆಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಬೇಕು. ತೂತು ಬಿದ್ದಿದ್ದರೆ ಬೋಟನ್ನು ಎಳೆಯಲೇಬಾರದು, ಯಾಕೆಂದರೆ ಆಗ ಅದನ್ನು ಮುಳುಗದ ಹಾಗೆ ಹಿಡಿದಿರೋದು ಕೆಳಗಿನ ನೆಲವೇ, ಆಳಕ್ಕೆ ಎಳೆದ ಕೂಡಲೇ ಕೆಳಗೆ ಹೋಗುತ್ತದೆ. ಈ ಬೋಟ್ ಒಣಗೇ ಇತ್ತು. ಆಮೇಲೆ ಬಿದಿರಿನ ಗಳ ಹಿಡಿದು ಸುತ್ತಲೂ ಚುಚ್ಚಿ ನೋಡಿದೆ. ನಮ್ಮ ಹಿನ್ನೀರಿನ ಕೆಳಗೆ ಮುಳುಗಿದ ಊರುಗಳಿವೆ, ಗೋಡೆ ಇದೆ, ಕಟ್ಟೆ ಇದೆ, ಜಾಲಿ ಬೊಡ್ಡೆ ಇದೆ. ಮೂತಿಯ ಎಡಕ್ಕೆ ಒಂದು ಬೊಡ್ಡೆ ಸಿಕ್ಕಿತು. ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆಯೋದು ಅಂತ ಆಯಿತು.

ಜನರನ್ನು, ಪೆಟ್ರೋಲ್ ಕ್ಯಾನ್, ಬ್ಯಾಟರಿ, ಕ್ಯಾಮೆರಾ ಚೀಲ ಎಲ್ಲ ಇಳಿಸಿದೆವು. ಮೀನುಗಾರರು ತೆಪ್ಪದಲ್ಲಿ ಜನರನ್ನು ದಂಡೆಗೆ ಬಿಟ್ಟು ಬಂದರು, ಅದಕ್ಕೆ ಒಂದು ರೂಪಾಯಿ ಮುಟ್ಟಲಿಲ್ಲ. ಸಮುದ್ರದಲ್ಲೂ ಅದೇ ಪದ್ಧತಿ. ಸಾಲ್ವೇಜ್ ಅಂದರೆ ಅಪಾಯದಲ್ಲಿರೋ ಹಡಗು, ಸರಕು ಉಳಿಸೋ ಕೆಲಸ. 1989ರ ಅಂತರರಾಷ್ಟ್ರೀಯ ಸಾಲ್ವೇಜ್ ಒಪ್ಪಂದದಲ್ಲೂ ಜೀವ ಉಳಿಸಿಕೊಂಡವರು ಅದಕ್ಕೆ ದುಡ್ಡು ಕೊಡಬೇಕಿಲ್ಲ ಅಂತಿದೆ. ಹಡಗು, ಸರಕು ಉಳಿಸಿದರೆ ಮಾತ್ರ ಸಂಭಾವನೆ, ಅದೂ ಉಳಿದ ಮಾಲಿನ ಬೆಲೆ ಮೀರುವಂತಿಲ್ಲ. ಹಗ್ಗ ಕೊಟ್ಟವನಿಗೇ ಹಡಗು ಅನ್ನೋದೆಲ್ಲ ಸುಮ್ನೆ ಮಾತು, ಮಾಲೀಕ ಮಾಲೀಕನೇ.

ದಂಡೆಯಲ್ಲಿ ಅಷ್ಟೊತ್ತಿಗೆ ಟ್ರ್ಯಾಕ್ಟರ್ ಬಂದಿತ್ತು. “ಒಂದ ಜಗ್ಗಿಗೆ ಬರ್ತದ ತಗೋರಿ” ಅಂದರು. ನಾನು ಬೇಡವೇ ಬೇಡ ಅಂದೆ. ಫೈಬರ್ ಬೋಟಿನಲ್ಲಿ ಹಗ್ಗ ಕಟ್ಟೋ ಕೊಂಡಿಯನ್ನು ಟ್ರ್ಯಾಕ್ಟರ್ ಜಗ್ಗಿದರೆ ಕೊಂಡಿ ಒಂದೇ ಬರುತ್ತದೆ, ಅದರ ಸುತ್ತಲಿನ ಫೈಬರ್ ಸಮೇತ. ನೈಲಾನ್ ಹಗ್ಗ ಇನ್ನೂ ಅಪಾಯ. ಎಳೆದಷ್ಟೂ ಹಿಗ್ಗಿ, ತುಂಡಾದಾಗ ಚಾಟಿ ಹಾಗೆ ವಾಪಸ್ ಹೊಡೆಯುತ್ತದೆ. ಹಾಗಾಗಿ ಹಗ್ಗವನ್ನು ಬೋಟಿನ ಮೈಸುತ್ತ ತಂದು ಕಟ್ಟಿದೆ, ನಡುವೆ ಒದ್ದೆ ಗೋಣಿಚೀಲ ಹೊದಿಸಿದೆ, ಹಗ್ಗದ ನೇರಕ್ಕೆ ಯಾರೂ ನಿಲ್ಲದ ಹಾಗೆ ಮಾಡಿದೆ.

ಎಳೆಯೋಕೆ ಲಂಗರು. ಅದನ್ನು ತೆಪ್ಪದಲ್ಲಿಟ್ಟು ಹಿಂದಿನ ಆಳದ ನೀರಿಗೆ ಒಯ್ದು ಬಿಟ್ಟು, ಬೋಟಿನ ಮೇಲೆ ಎರಡು ಗಡಗಡಿ ಹಾಕಿ ಹಗ್ಗ ಜಗ್ಗೋದು. ಹಗ್ಗ ಉದ್ದ ಇರಬೇಕು, ಆಳದ ಐದರಿಂದ ಏಳು ಪಟ್ಟು. ಗಿಡ್ಡ ಇದ್ದರೆ ಲಂಗರು ನೆಲ ಕಚ್ಚಲ್ಲ, ಎದ್ದು ನಮ್ಮ ಕಡೆಗೇ ಬರುತ್ತದೆ.

ಆದರೂ ಬೋಟ್ ಅಲ್ಲಾಡಲಿಲ್ಲ. ಎರೆ ಮಣ್ಣಿನ ಗುಣವೇ ಅದು, ಅಡಿಗೆ ಗಾಳಿ ನೀರು ಹೋಗದ ಹಾಗೆ ಅಂಟಿ ಹಿಡಿಯುತ್ತದೆ. ಎಷ್ಟೇ ಬಲ ಹಾಕಿ, ಮೊದಲು ಆ ಹಿಡಿತ ಬಿಡಿಸಬೇಕು. ದಂಡೆಯ ಹೊಲದಿಂದ ಡೀಸೆಲ್ ಪಂಪ್ ತರಿಸಿ, ಪೈಪಿನ ತುದಿಗೆ ಸಣ್ಣ ನಳಿಗೆ ಸಿಕ್ಕಿಸಿ, ಬೋಟಿನ ಅಡಿಗೆ ನೀರು ಹೊಡೆದೆವು. ಇಬ್ಬರು ಮೇಲೆ ನಿಂತು ಒಮ್ಮೆ ಈ ಅಂಚಿಗೆ, ಒಮ್ಮೆ ಆ ಅಂಚಿಗೆ ಭಾರ ಹಾಕಿದರು. ಸ್ವಲ್ಪ ಹೊತ್ತಿಗೆ ಅಡಿಯಿಂದ ದೊಡ್ಡ ದೊಡ್ಡ ಗುಳ್ಳೆ ಎದ್ದವು.

ಇಂಥ ಹೊತ್ತಲ್ಲಿ ಕೆಲಸ ಕೆಡಿಸೋದು ಕೂಗಾಟ. ದಂಡೆಯಿಂದ ಎಲ್ಲರೂ “ಬಲಕ್ಕ, ಬಲಕ್ಕ” ಅಂತಾರೆ. ಯಾರ ಬಲಕ್ಕೆ? ಔಟ್‌ಬೋರ್ಡಿನ ಹಿಡಿಕೆಯನ್ನು ಬಲಕ್ಕೆ ತಳ್ಳಿದರೆ ಬೋಟ್ ಎಡಕ್ಕೆ ಹೋಗುತ್ತದೆ. ದೊಡ್ಡ ಹಡಗಿನವರಿಗೂ ಈ ತಾಪತ್ರಯ ಇತ್ತು. 1912ರಲ್ಲಿ ಟೈಟಾನಿಕ್‌ನಲ್ಲಿ ‘ಸ್ಟಾರ್‌ಬೋರ್ಡ್’, ಅಂದರೆ ಬಲ, ಅಂತ ಆಜ್ಞೆ ಕೊಟ್ಟಾಗ ಹಡಗು ತಿರುಗಿದ್ದು ಎಡಕ್ಕೆ, ಯಾಕೆಂದರೆ ಆಗಿನ ಆಜ್ಞೆಗಳು ಹಿಡಿಕೆಯ ಲೆಕ್ಕದಲ್ಲಿದ್ದವು. 1930ರ ದಶಕದಲ್ಲಿ ಅದನ್ನು ಬದಲಾಯಿಸಿದರು. ನಾವು ಎಡ-ಬಲ ಬಿಟ್ಟೇಬಿಟ್ಟಿದ್ದೇವೆ. ಕೊರ್ತಿ ಕಡೆ, ಕೊಲ್ಹಾರ ಕಡೆ, ಡ್ಯಾಮ್ ಕಡೆ ಅಷ್ಟೇ. ಹೇಳೋನು ಒಬ್ಬನೇ, ಮಾಡೋನು ಅದನ್ನೇ ತಿರುಗಿ ಹೇಳಿ ಮಾಡಬೇಕು. ತಿರುಗಿ ಹೇಳೋ ಈ ರೂಢಿ ಹಡಗಿನದು, ಗೋವಾದಲ್ಲಿ ಕಲಿತದ್ದು.

ಜಗ್ಗೋಕೆ ಮಾತ್ರ ನನ್ನ ಆಜ್ಞೆ ಉಪಯೋಗಕ್ಕೆ ಬರಲಿಲ್ಲ. ಒಂದು-ಎರಡು-ಮೂರು ಅಂದರೆ ಒಬ್ಬ ಎರಡಕ್ಕೇ ಜಗ್ಗುತ್ತಿದ್ದ. ವಯಸ್ಸಾದ ಮೀನುಗಾರರೊಬ್ಬರು, “ತಮ್ಮಾ, ನೀ ಸುಮ್ನ ಇರು” ಅಂದು ಐಸಾ ಹಾಕೋಕೆ ಶುರು ಮಾಡಿದರು. ಆಯಿತು ಕಾಕಾ ಅಂದು ನಾನೂ ಹಗ್ಗ ಹಿಡಿದೆ. ‘ಸಾ’ಗೆ ಎಲ್ಲರ ಬೆನ್ನೂ ಒಟ್ಟಿಗೆ ಹಿಂದಕ್ಕೆ ಬಂತು. ಹಾಯಿ ಹಡಗಿನ ಕಾಲದ ನಾವಿಕರು ಹಗ್ಗ ಜಗ್ಗೋವಾಗ ಹಾಡುತ್ತಿದ್ದದ್ದೂ ಇದೇ ಕಾರಣಕ್ಕೆ. ಬೋಟ್ ಮೊದಲು ಗೇಣು, ಆಮೇಲೆ ಮಾರು ಸರಿದು, ಒಮ್ಮೆಲೇ ಹಗುರಾಗಿ ತೇಲಿತು.

ಕೂಲಿ ಮಾತು ಬೋಟ್ ಮುಟ್ಟೋ ಮುಂಚೆಯೇ ಆಗಿತ್ತು: ಬಿಡಿಸಿದರೆ ಪೂರ್ತಿ, ಇಲ್ಲವಾದರೆ ಪಂಪಿನ ಡೀಸೆಲ್ ಖರ್ಚು ಅಷ್ಟೇ. ಸಮುದ್ರದ ಸಾಲ್ವೇಜ್‌ನವರು ನೂರು ವರ್ಷಕ್ಕೂ ಮೇಲ್ಪಟ್ಟು ಬಳಸುತ್ತಿರೋ, ಲಂಡನ್ನಿನ ವಿಮಾ ಮಾರುಕಟ್ಟೆ ಲಾಯ್ಡ್ಸ್‌ನ ಕರಾರಿನ ತಿರುಳೂ ಇದೇ, ಉಳಿಸದಿದ್ದರೆ ಕಾಸಿಲ್ಲ. ಬೋಟ್ ತೇಲಿದ ಮೇಲೆ ಸಾಹೇಬರು ಸ್ವಲ್ಪ ಕಡಿಮೆ ಮಾಡಿಕೊಳ್ಳಿ ಅಂದರು. ಕಾಕಾ ಲಂಗರಿನ ಹಗ್ಗ ಬಿಚ್ಚದೆ ಹಾಗೇ ಹಿಡಿದುಕೊಂಡು ಕೂತರು. ದುಡ್ಡು ಬಂತು.

ದಂಡೆಗೆ ತಂದು ಬೋರಲು ಹಾಕಿದಾಗ ಅಡಿಯಲ್ಲಿ ಬೊಡ್ಡೆ ಗೀರಿದ ಗುರುತು ಇತ್ತು, ಮೇಲಿನ ಪದರ ಹೋಗಿತ್ತು. ನೀರು ಹೊಕ್ಕ ಫೈಬರ್ ಪೂರ್ತಿ ಒಣಗದೆ ರೆಸಿನ್ ಹಿಡಿಯಲ್ಲ, ಹಾಗಾಗಿ ಬಿಸಿಲಿಗೆ ಬಿಟ್ಟು ಆಮೇಲೆ ಉಜ್ಜಿ ಹಚ್ಚಿಕೊಟ್ಟೆ. ಅದರ ಕೂಲಿ ಬೇರೆ. ಅದನ್ನೂ ಮೊದಲೇ ಹೇಳಿದ್ದೆ.